ಚಿತ್ರದುರ್ಗ ಜಿಲ್ಲೆಯಲ್ಲಿ ತಾಯಿ ಮರಣ

ಗರ್ಭಿಣಿಯಾಗಿದ್ದಾಗ, ಅಥವಾ ಹೆರಿಗೆಯೋ ಗರ್ಭಪಾತವೋ ಆದ 42 ದಿನಗಳೊಳಗೆ, ಗರ್ಭಕ್ಕೆ ಸಂಬಂಧಿಸಿದ ಕಾರಣದಿಂದ ಮಹಿಳೆ ಸತ್ತರೆ ಅದು ತಾಯಿ ಮರಣ. ಅಪಘಾತದ ಸಾವು ಈ ಲೆಕ್ಕಕ್ಕೆ ಸೇರುವುದಿಲ್ಲ. ಒಂದು ಲಕ್ಷ ಜೀವಂತ ಜನನಗಳಿಗೆ ಇಂಥ ಸಾವು ಎಷ್ಟು ಎಂಬುದು ತಾಯಿ ಮರಣ ಪ್ರಮಾಣ. ಕರ್ನಾಟಕದಲ್ಲಿ 2004–06ರಲ್ಲಿ 213 ಇದ್ದ ಈ ಪ್ರಮಾಣ 2018–20ಕ್ಕೆ 69ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಕೇರಳದಲ್ಲಿ 19 ಇತ್ತು. ಇನ್ನೂ ಎಷ್ಟು ಜೀವ ಉಳಿಸಬಹುದು ಎಂಬುದಕ್ಕೆ ಈ ಅಂತರವೇ ಸಾಕ್ಷಿ.

ಕಾರಣಗಳು: ಹೆರಿಗೆಯ ನಂತರದ ರಕ್ತಸ್ರಾವ, ಬಸುರಿನ ಅಧಿಕ ರಕ್ತದೊತ್ತಡ ಮತ್ತು ಅದರಿಂದ ಬರುವ ಫಿಟ್ಸ್, ನಂಜು, ಅಸುರಕ್ಷಿತ ಗರ್ಭಪಾತ ಮುಖ್ಯವಾದವು. ಮಾಸು ಬಿದ್ದ ಮೇಲೆ ಗರ್ಭಕೋಶ ಬಿಗಿಯಾಗಿ ಕುಗ್ಗಿ ರಕ್ತನಾಳಗಳನ್ನು ಮುಚ್ಚಬೇಕು. ಕುಗ್ಗದಿದ್ದರೆ ಒಂದೆರಡು ಗಂಟೆಗಳಲ್ಲೇ ಪ್ರಾಣ ಹೋಗಬಹುದು. ಮೊದಲೇ ರಕ್ತಹೀನತೆ ಇದ್ದವರು ಅಷ್ಟು ಹೊತ್ತೂ ತಡೆಯುವುದಿಲ್ಲ.

ಸ್ಥಳೀಯ ಸ್ಥಿತಿ: ಆರು ತಾಲ್ಲೂಕುಗಳ ಈ ಬಯಲುಸೀಮೆ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಂತೆ 16.59 ಲಕ್ಷ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಹೆರಿಗೆ ಕಷ್ಟವಾದರೆ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೆ, ಅಲ್ಲಿಂದ ಕೆಲವೊಮ್ಮೆ ದಾವಣಗೆರೆಗೆ ಕಳಿಸುತ್ತಾರೆ. ಹಿರಿಯೂರಿನಿಂದ ಚಿತ್ರದುರ್ಗಕ್ಕೇ ಸುಮಾರು 40 ಕಿ.ಮೀ. ರಕ್ತ ಸುರಿಯುತ್ತಿರುವಾಗ ಈ ದೂರ ಜೀವಕ್ಕೆ ಎರವಾಗುತ್ತದೆ.

ಜಿಲ್ಲೆಯ ಕಾಡುಗೊಲ್ಲ ಸಮುದಾಯದ ಹಲವು ಹಟ್ಟಿಗಳಲ್ಲಿ ಸೂತಕದ ಹೆಸರಿನಲ್ಲಿ ಬಾಣಂತಿ ಮತ್ತು ಕೂಸನ್ನು ಹಟ್ಟಿಯಾಚೆಯ ಗುಡಿಸಲಿನಲ್ಲಿ ಇರಿಸುವ ರೂಢಿ ಇದೆ. ಚಳಿ, ಮಳೆ, ಹಾವು-ಹುಳುಗಳ ಭಯದ ಜೊತೆಗೆ ಜ್ವರವೋ ರಕ್ತಸ್ರಾವವೋ ಕಾಣಿಸಿದರೆ ಬೇಗ ಗಮನಿಸುವವರೂ ಹತ್ತಿರ ಇರುವುದಿಲ್ಲ. ಕೆಲವು ಹಟ್ಟಿಗಳಲ್ಲಿ ಸರ್ಕಾರ ‘ಕೃಷ್ಣ ಕುಟೀರ’ಗಳನ್ನು ಕಟ್ಟಿಸಿತು. ಅದರಿಂದ ಸೂರು ಸಿಕ್ಕಿತೇ ಹೊರತು ರೂಢಿ ಅಳಿಯಲಿಲ್ಲ. ಬಾಣಂತಿಗೆ ಬೇಕಾದದ್ದು ಮನೆಯೊಳಗಿನ ಆರೈಕೆ.

ಯೋಜನೆಗಳು: ಜನನಿ ಸುರಕ್ಷಾ (2005), 108 ಆಂಬುಲೆನ್ಸ್ (2008), ಜನನಿ–ಶಿಶು ಸುರಕ್ಷಾ (2011), ಮಾತೃಪೂರ್ಣ (2017). ಗರ್ಭಿಣಿಗೆ ಕೊಡುವ ತಾಯಿ ಕಾರ್ಡ್‌ನಲ್ಲಿ ಹಿಮೋಗ್ಲೋಬಿನ್, ರಕ್ತದೊತ್ತಡ, ತೂಕ ದಾಖಲಾಗುತ್ತವೆ.

ಪರಿಶೀಲನೆ: ಈ ಜಿಲ್ಲೆಯಲ್ಲಿ ವರ್ಷಕ್ಕೆ ಲಕ್ಷ ಹೆರಿಗೆಗಳಾಗುವುದಿಲ್ಲ; ಎರಡು ಮೂರು ಸಾವುಗಳಿಂದಲೇ ಪ್ರಮಾಣ ಏರುಪೇರಾಗುತ್ತದೆ. ಆದ್ದರಿಂದ ಇಲ್ಲಿ ಸರಾಸರಿಗಿಂತ ಒಂದೊಂದು ಸಾವಿನ ವಿಚಾರಣೆಯೇ ಮುಖ್ಯ. ಆಶಾ ಕಾರ್ಯಕರ್ತೆಯ ವರದಿಯಿಂದ ಇದು ಶುರುವಾಗುತ್ತದೆ. ಜಿಲ್ಲಾಧಿಕಾರಿಯ ಸಭೆಯಲ್ಲಿ ಮೃತಳ ಮನೆಯವರಿಗೂ ಮಾತನಾಡುವ ಅವಕಾಶವಿದೆ. ತಡ ಆದದ್ದು ಮನೆಯಲ್ಲೋ, ದಾರಿಯಲ್ಲೋ, ಆಸ್ಪತ್ರೆಯಲ್ಲೋ ಎಂದು ಗೊತ್ತಾದರೆ ಮಾತ್ರ ಮುಂದಿನ ತಾಯಿಯನ್ನು ಉಳಿಸಲು ದಾರಿಯಾಗುತ್ತದೆ.