ಅಣ್ಣ-ತಂಗಿಯ ಡಿಎನ್‌ಎ ರಿಪೋರ್ಟ್‌ನಲ್ಲಿ ಶೇಕಡಾವಾರು ಬೇರೆ ಬೇರೆ ಬಂದರೆ ಅನುಮಾನ ಪಡಬೇಕೇ?

ಟ್ಯೂಬಿಗೆ ಎಂಜಲು ತುಂಬಿ ಕಂಪನಿಗೆ ಕಳಿಸಿದರೆ, ಕೆಲವು ವಾರಗಳಲ್ಲಿ ನಿಮ್ಮ ಪೂರ್ವಜರ ಲೆಕ್ಕ ಮೊಬೈಲಿಗೆ ಬರುತ್ತದೆ. ಉದಾಹರಣೆಗೆ, ಅಣ್ಣನಿಗೆ ಶೇ. 85 ದಕ್ಷಿಣ ಭಾರತ, ಶೇ. 12 ಉತ್ತರ ಭಾರತ, ಶೇ. 3 ಮಧ್ಯ ಏಷ್ಯಾ ಎಂದು ಬಂತು ಅಂದುಕೊಳ್ಳಿ. ತಂಗಿಯ ರಿಪೋರ್ಟ್‌ನಲ್ಲಿ ಮಧ್ಯ ಏಷ್ಯಾ ಇಲ್ಲವೇ ಇಲ್ಲ. ಇದರ ಸ್ಕ್ರೀನ್‌ಶಾಟ್ ಫ್ಯಾಮಿಲಿ ಗ್ರೂಪಿಗೆ ಬಿದ್ದರೆ ಮಾತು ಎರಡು ಕಡೆ ಹೋಗಬಹುದು: "ನಾವು ಮೂಲತಃ ಅಲ್ಲಿಯವರು" ಎಂಬ ಹೆಮ್ಮೆ, ಇಲ್ಲವೇ "ಇವರಿಬ್ಬರೂ ಒಂದೇ ತಂದೆಯ ಮಕ್ಕಳೇ?" ಎಂಬ ಅನುಮಾನ. ಈ ಎರಡಕ್ಕೂ ಆ ಅಂಕಿಗಳಲ್ಲಿ ಆಧಾರವಿಲ್ಲ. ಯಾಕೆ ಎಂದು ನೋಡೋಣ.

ಒಡಹುಟ್ಟಿದವರಲ್ಲಿ ವ್ಯತ್ಯಾಸ ಏಕೆ?

ಪ್ರತಿ ಮಗುವೂ ತಾಯಿಯಿಂದ ಅರ್ಧ, ತಂದೆಯಿಂದ ಅರ್ಧ ಡಿಎನ್‌ಎ ಪಡೆಯುತ್ತದೆ. ಆದರೆ ಎಲ್ಲ ಮಕ್ಕಳಿಗೂ ಅದೇ ಅರ್ಧ ಸಿಗುವುದಿಲ್ಲ. ಇಸ್ಪೀಟು ಎಲೆಗಳನ್ನು ಪ್ರತಿ ಸಲ ಕಲಸಿ ಅರ್ಧ ಹಂಚಿದ ಹಾಗೆ. ಆದ್ದರಿಂದ ಒಡಹುಟ್ಟಿದವರ ಡಿಎನ್‌ಎಯಲ್ಲಿ ಹಂಚಿಕೆಯಾಗಿರುವುದು ಸರಾಸರಿ ಅರ್ಧದಷ್ಟು ಮಾತ್ರ. ಶೇಕಡಾವಾರು ಬೇರೆಯಾಗುವುದು ಸಹಜ.

ಶೇಕಡಾವಾರು ಬರುವುದು ಎಲ್ಲಿಂದ?

ಮನುಷ್ಯನ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಇಂಥ ಪರೀಕ್ಷೆಗಳು ಸಾಮಾನ್ಯವಾಗಿ ಓದುವುದು ಅದರಲ್ಲಿ ಕೆಲವು ಲಕ್ಷ ಜಾಗಗಳನ್ನು. ಅವುಗಳನ್ನು ಕಂಪನಿಯ ಬಳಿ ಇರುವ ಮಾದರಿ ಗುಂಪುಗಳ ಜೊತೆ ಹೋಲಿಸಲಾಗುತ್ತದೆ. ಆ ಗುಂಪುಗಳಲ್ಲಿ ಇರುವವರು ಹೆಚ್ಚಾಗಿ ಇಂದಿನ ಜನರೇ, ಸಾವಿರ ವರ್ಷ ಹಿಂದಿನ ನಿಮ್ಮ ಪೂರ್ವಜರಲ್ಲ. ಹಾಗಾಗಿ "ಶೇ. 3 ಮಧ್ಯ ಏಷ್ಯಾ" ಎಂದರೆ, ನಿಮ್ಮ ಡಿಎನ್‌ಎಯ ಅಷ್ಟು ಭಾಗ ಆ ಗುಂಪಿಗೆ ಹೆಚ್ಚು ಹೋಲುತ್ತದೆ ಎಂಬ ಅಂದಾಜು ಅಷ್ಟೇ. ಮಾದರಿ ಗುಂಪೋ ಲೆಕ್ಕದ ವಿಧಾನವೋ ಬದಲಾದರೆ, ನಿಮ್ಮ ಡಿಎನ್‌ಎ ಬದಲಾಗದಿದ್ದರೂ ರಿಪೋರ್ಟ್ ಬದಲಾಗುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ ಕೆನಡಾದ್ದು. 2019ರಲ್ಲಿ ಸಿಬಿಸಿ ವಾಹಿನಿಯ 'ಮಾರ್ಕೆಟ್‌ಪ್ಲೇಸ್' ಕಾರ್ಯಕ್ರಮದ ನಿರೂಪಕಿ ಮತ್ತು ಆಕೆಯ ತದ್ರೂಪಿ ಅವಳಿ ಸೋದರಿ ಐದು ಕಂಪನಿಗಳಿಗೆ ಸ್ಯಾಂಪಲ್ ಕಳಿಸಿದರು. ಇಬ್ಬರ ಡಿಎನ್‌ಎ ಬಹುತೇಕ ಒಂದೇ. ಆದರೂ ಕಂಪನಿಯಿಂದ ಕಂಪನಿಗೆ ಫಲಿತಾಂಶ ಬೇರೆಯಾಯಿತು. ಒಂದೇ ಕಂಪನಿ ಕೂಡ ಇಬ್ಬರಿಗೂ ಪೂರ್ತಿ ಒಂದೇ ಉತ್ತರ ಕೊಡಲಿಲ್ಲ.

ಹಾಗಾದರೆ ಎಲ್ಲವೂ ಸುಳ್ಳೇ?

ಅಲ್ಲ. ದೂರದ ಖಂಡಗಳ ನಡುವಿನ ದೊಡ್ಡ ವ್ಯತ್ಯಾಸವನ್ನು ಡಿಎನ್‌ಎ ಚೆನ್ನಾಗಿ ತೋರಿಸುತ್ತದೆ. ಕರ್ನಾಟಕ ಮತ್ತು ಗುಜರಾತಿನ ಸಿದ್ದಿ ಸಮುದಾಯದ ಬಗ್ಗೆ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಫ್ರಿಕಾ ಮೂಲ ಸ್ಪಷ್ಟವಾಗಿ ಕಂಡಿತು, ಜೊತೆಗೆ ಭಾರತೀಯರೊಂದಿಗಿನ ಬೆರಕೆಯೂ ಕಂಡಿತು. ಆದರೆ ಅಕ್ಕಪಕ್ಕದ ಪ್ರದೇಶಗಳನ್ನು ಬೇರ್ಪಡಿಸುವುದು ಕಷ್ಟ. ಒಂದೆರಡು ಶೇಕಡಾದ ಅಂಕಿಯನ್ನಂತೂ ನಂಬಿ ಕೂರಬಾರದು.

"ನಮ್ಮದು ಶುದ್ಧ ರಕ್ತ" ಎನ್ನುವ ಫಾರ್ವರ್ಡ್‌ಗಳಿಗೂ ವಿಜ್ಞಾನದ ಬೆಂಬಲವಿಲ್ಲ. ಹೈದರಾಬಾದಿನ ಸಿಸಿಎಂಬಿ ಮತ್ತು ಹಾರ್ವರ್ಡ್ ವಿಜ್ಞಾನಿಗಳು 2009 ಮತ್ತು 2013ರಲ್ಲಿ ಪ್ರಕಟಿಸಿದ ಸಂಶೋಧನೆಗಳ ಪ್ರಕಾರ, ಇಂದಿನ ಭಾರತದ ಬಹುತೇಕ ಎಲ್ಲ ಸಮುದಾಯಗಳೂ ಮಿಶ್ರ ಮೂಲದವು. ಸುಮಾರು 4,200ರಿಂದ 1,900 ವರ್ಷಗಳ ಹಿಂದೆ ಈ ಬೆರಕೆ ವ್ಯಾಪಕವಾಗಿ ನಡೆದಿತ್ತು.

ಸಂಬಂಧ ತಿಳಿಯಲು ಯಾವುದನ್ನು ನೋಡಬೇಕು?

ಇಬ್ಬರೂ ಒಂದೇ ಕಂಪನಿಯಲ್ಲಿ ಪರೀಕ್ಷಿಸಿಕೊಂಡು ಒಪ್ಪಿಗೆ ಕೊಟ್ಟಿದ್ದರೆ, 'ಡಿಎನ್‌ಎ ಸಂಬಂಧಿಕರು' ಎಂಬಂಥ ಪ್ರತ್ಯೇಕ ಪಟ್ಟಿ ಸಿಗಬಹುದು. ಅದು ಇಬ್ಬರ ಡಿಎನ್‌ಎಯನ್ನು ನೇರವಾಗಿ ಹೋಲಿಸುತ್ತದೆ. ತಂದೆ-ತಾಯಿ ಇಬ್ಬರೂ ಒಂದೇ ಆಗಿದ್ದರೆ ಹೋಲಿಕೆ ಸುಮಾರು ಶೇ. 50, ಒಬ್ಬರು ಮಾತ್ರ ಒಂದೇ ಆಗಿದ್ದರೆ ಸುಮಾರು ಶೇ. 25. ಕಾನೂನಿನ ವಿಷಯವಾದರೆ ಅದಕ್ಕೆಂದೇ ಮಾಡುವ ಪ್ರತ್ಯೇಕ ಪರೀಕ್ಷೆ ಬೇಕು.

ಒಟ್ಟಿನಲ್ಲಿ, ಪೂರ್ವಜರ ಶೇಕಡಾವಾರು ಒಂದು ಅಂದಾಜು. ಅದು ಜಾತಿಯ ಪ್ರಮಾಣಪತ್ರವಲ್ಲ, ತಾಯಿಯನ್ನು ಪ್ರಶ್ನಿಸಲು ಸಾಕ್ಷಿಯೂ ಅಲ್ಲ. ಮನೆಯ ಗ್ರೂಪಿನಲ್ಲಿ ಇಂಥ ಸ್ಕ್ರೀನ್‌ಶಾಟ್ ಬಂದರೆ, ಅನುಮಾನದ ಮಾತು ಹರಡುವ ಮೊದಲು ಈ ವಿವರವನ್ನು ಹಂಚಿಕೊಳ್ಳಿ.