ದೂರದರ್ಶನದಿಂದ ದೂರವಿಚಾರಣೆಗೆ: ಕಲಬುರಗಿಯ ಅರ್ಧ ಶತಮಾನ

ಕಲಬುರಗಿ ಸೀಮೆಯ ಹಳ್ಳಿಗಳಿಗೆ ಟಿ.ವಿ. ಬಂದದ್ದು ಆಕಾಶದಿಂದ. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷಕ್ಕೆ ಎರವಲು ಪಡೆದು ಭಾರತ 1975ರ ಆಗಸ್ಟ್ 1ರಂದು ಉಪಗ್ರಹದ ಮೂಲಕ ಹಳ್ಳಿಗಳಿಗೆ ಬೋಧನೆ ತಲುಪಿಸುವ ‘ಸೈಟ್’ ಎಂಬ ಟಿ.ವಿ. ಪ್ರಯೋಗ ಆರಂಭಿಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅದಕ್ಕೆ ಆಯ್ಕೆಯಾದವು. ಕರ್ನಾಟಕದಿಂದ ಅಂದಿನ ಗುಲ್ಬರ್ಗಾ (ಇಂದಿನ ಕಲಬುರಗಿ), ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಸೇರಿದ್ದವು. ತಂತಿಬಲೆ ಹೆಣೆದು ಮಾಡಿದ ಸುಮಾರು ಹತ್ತು ಅಡಿ ಅಗಲದ ಆಂಟೆನಾ, ಊರಿಗೊಂದು ಸೆಟ್ಟು, ಎದುರಿಗೆ ಊರಿಗೆ ಊರೇ. 1977ರಲ್ಲಿ ಗುಲ್ಬರ್ಗಾ ನಗರದಲ್ಲೇ ದೂರದರ್ಶನದ ಪ್ರಸಾರ ಗೋಪುರ ಎದ್ದಿತು. ಅಲ್ಲಿ ಮಾತು ಒಂದೇ ಕಡೆಯಿಂದ. ನೋಡುವವರು ಯಾರೆಂದು ಕೇಳುವ ಅಗತ್ಯ ಯಾರಿಗೂ ಇರಲಿಲ್ಲ.

ಆ ಅಗತ್ಯ ಹುಟ್ಟಿದ್ದು ವಿಡಿಯೊ ಕರೆಯಲ್ಲಿ ಎರಡೂ ಕಡೆಯವರು ಮಾತಾಡತೊಡಗಿದಾಗ. ಬೇರೆ ಬೇರೆ ಕಂಪನಿಗಳ ಯಂತ್ರಗಳು ಪರಸ್ಪರ ಅರ್ಥಮಾಡಿಕೊಳ್ಳಲೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 1990ರಲ್ಲಿ ಐಎಸ್‌ಡಿಎನ್ ಫೋನ್ ಜಾಲಕ್ಕೆ ಎಚ್.320, 1996ರಲ್ಲಿ ಕಂಪ್ಯೂಟರ್ ಜಾಲಕ್ಕೆ ಎಚ್.323 ಎಂಬ ಮಾನದಂಡಗಳನ್ನು ಗೊತ್ತುಪಡಿಸಿತು. ಅವು ಬಿಡಿಸಿದ್ದು ಚಿತ್ರ, ಧ್ವನಿ, ಕರೆಗಳ ಕಗ್ಗಂಟನ್ನು. ಕರೆ ಮಾಡಿದವರ ಗುರುತಿನ ಪ್ರಶ್ನೆ ಹಿಂದೆಯೇ ಉಳಿಯಿತು. 2003ರ ಎಚ್.350 ಅದರತ್ತ ಒಂದು ಹೆಜ್ಜೆ: ವಿಡಿಯೊ ವಿಳಾಸಗಳನ್ನು ಸಂಸ್ಥೆಯ ಸಿಬ್ಬಂದಿಯ ಪಟ್ಟಿಗೇ ಜೋಡಿಸುವ ವ್ಯವಸ್ಥೆ. ಅದೇ ಕಾಲಕ್ಕೆ ಬಂದ ಸ್ಯಾಮಲ್ ಎಂಬ ಮಾನದಂಡ ಮತ್ತು ಶಿಬೊಲೆತ್ ಎಂಬ ತಂತ್ರಾಂಶ ‘ಒಕ್ಕೂಟದ ಭದ್ರತೆ’ಗೆ ದಾರಿ ಮಾಡಿದವು. ಅದರ ತತ್ವ ಸರಳ. ಪಾಸ್‌ವರ್ಡ್ ಇರುವುದು ಬಳಕೆದಾರರ ಸ್ವಂತ ಸಂಸ್ಥೆಯಲ್ಲಿ ಮಾತ್ರ. ‘ಇವರು ನಮ್ಮವರೇ’ ಎಂದು ಆ ಸಂಸ್ಥೆ ಹಾಕಿಕೊಟ್ಟ ಡಿಜಿಟಲ್ ರುಜುವನ್ನು ಉಳಿದವರು ನಂಬುತ್ತಾರೆ. ಭಾರತದ ವಿಶ್ವವಿದ್ಯಾಲಯಗಳಿಗೆ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕಟ್ಟಿದ ‘ಇನ್‌ಫೆಡ್’ ಈ ಬಗೆಯದೇ.

ಕಲಬುರಗಿಯಲ್ಲಿ ಗುರುತಿನ ಈ ಪ್ರಶ್ನೆ ಹೆಚ್ಚು ತಟ್ಟಿದ್ದು ವಿಶ್ವವಿದ್ಯಾಲಯಕ್ಕಿಂತ ನ್ಯಾಯಾಲಯಕ್ಕೆ. 2008ರ ಜುಲೈವರೆಗೆ ಕಲಬುರಗಿ ಜಿಲ್ಲೆಯ ಕಮಲಾಪುರದ ಕಕ್ಷಿದಾರನೊಬ್ಬ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಿದ್ದರೆ ಕಲಬುರಗಿಗೆ ಬಂದು, ಅಲ್ಲಿಂದ ಸುಮಾರು 600 ಕಿ.ಮೀ. ದೂರದ ಬೆಂಗಳೂರಿಗೆ ಹೋಗಬೇಕಿತ್ತು. ಆ ತಿಂಗಳು ನಗರದಲ್ಲಿ ಸಂಚಾರಿ ಪೀಠ ಆರಂಭವಾಯಿತು. 2013ರಲ್ಲಿ ಅದು ಕಾಯಂ ಪೀಠವಾಯಿತು. ದೂರ ಕಡಿಮೆ ಮಾಡಲು ಇನ್ನೊಂದು ದಾರಿಯೂ ಇತ್ತು: ಸಾಕ್ಷಿಯನ್ನು ವಿಡಿಯೊ ಮೂಲಕ ವಿಚಾರಿಸಬಹುದೆಂದು ಸುಪ್ರೀಂ ಕೋರ್ಟ್ ಅದಕ್ಕೂ ಮೊದಲೇ, 2003ರ ಪ್ರಫುಲ್ ದೇಸಾಯಿ ಪ್ರಕರಣದಲ್ಲಿ ಹೇಳಿತ್ತು. ಬಂಧನದಲ್ಲಿರುವ ಆರೋಪಿಯ ನ್ಯಾಯಾಂಗ ಕಸ್ಟಡಿ ಮುಂದುವರಿಸಲು ವಿಡಿಯೊ ಹಾಜರಿ ಸಾಕೆಂಬ, ದಂಡ ಪ್ರಕ್ರಿಯಾ ಸಂಹಿತೆಯ ತಿದ್ದುಪಡಿ 2009ರ ಕೊನೆಗೆ ಜಾರಿಗೆ ಬಂತು.

ಇಷ್ಟಾದರೂ ವಿಡಿಯೊ ವಿಚಾರಣೆ ಅಪರೂಪದ ಏರ್ಪಾಡಾಗಿಯೇ ಇತ್ತು. ಕೋವಿಡ್ ಬಂದು ಅದನ್ನು ದಿನನಿತ್ಯದ್ದನ್ನಾಗಿಸಿತು. 2020ರ ಏಪ್ರಿಲ್ 6ರಂದು ಸುಪ್ರೀಂ ಕೋರ್ಟ್ ವಿಡಿಯೊ ಮೂಲಕ ಕಲಾಪ ನಡೆಸುವ ಬಗ್ಗೆ ಎಲ್ಲ ಹೈಕೋರ್ಟುಗಳಿಗೆ ನಿರ್ದೇಶನ ಕೊಟ್ಟಿತು. ಅದೇ ವರ್ಷ ಕರ್ನಾಟಕ ಹೈಕೋರ್ಟ್ ವಿಡಿಯೊ ಕಾನ್ಫರೆನ್ಸ್ ನಿಯಮಗಳನ್ನು ಜಾರಿಗೆ ತಂದಿತು. ಈ ನಿಯಮಗಳಲ್ಲಿ ಗಮನಿಸಬೇಕಾದದ್ದು ಸಂಯೋಜಕನ ಪಾತ್ರ. ಸಾಕ್ಷ್ಯ ಹೇಳುವ ಕಡೆಯೂ, ನ್ಯಾಯಾಲಯದ ಕಡೆಯೂ ಒಬ್ಬೊಬ್ಬ ಸಂಯೋಜಕ ಇರಬೇಕು. ಸಾಕ್ಷಿ ಜೈಲಿನಲ್ಲಿದ್ದರೆ ಜೈಲಿನ ಅಧಿಕಾರಿ, ವಿದೇಶದಲ್ಲಿದ್ದರೆ ರಾಯಭಾರ ಕಚೇರಿಯ ಅಧಿಕಾರಿ ಆ ಹೊಣೆ ಹೊರುತ್ತಾರೆ. ಕ್ಯಾಮೆರಾ ಮುಂದಿರುವವರು ಇವರೇ ಎಂಬ ಖಾತ್ರಿಯನ್ನು ಅವರವರ ಸಂಸ್ಥೆಯೇ ಕೊಡುತ್ತದೆ. ಎಂಜಿನಿಯರುಗಳು ರುಜುವಿನಿಂದ ಮಾಡಿದ್ದನ್ನು ನ್ಯಾಯಾಲಯ ಮನುಷ್ಯರಿಂದ ಮಾಡಿಸಿತು ಎನ್ನಬಹುದು. ತಂತ್ರಜ್ಞಾನದ ದೃಷ್ಟಿಗೆ ಇದು ಹಳೆಯದಾಗಿ ಕಂಡರೂ ಪಾಟೀಸವಾಲಿನಲ್ಲಿ ತಡೆದುಕೊಳ್ಳುವುದು ಇದೇ.

ಆದರೆ ಈ ಕಾವಲು ಸಾಕ್ಷ್ಯಕ್ಕೆ ಸೀಮಿತವಾಗಿತ್ತು. ದಿನದ ಕಲಾಪಕ್ಕೆ ಸೇರುವ ವಕೀಲರಿಗೂ ಕೇಳುಗರಿಗೂ ಬಾಗಿಲು ಸಡಿಲವಾಗಿಯೇ ಇತ್ತು. 2023ರ ಡಿಸೆಂಬರಿನಲ್ಲಿ ಕಿಡಿಗೇಡಿಗಳು ಬೆಂಗಳೂರಿನ ಕೆಲವು ಕೋರ್ಟ್ ಹಾಲುಗಳ ಆನ್‌ಲೈನ್ ಕಲಾಪಕ್ಕೆ ನುಗ್ಗಿ ಅಶ್ಲೀಲ ದೃಶ್ಯ ತೋರಿಸಿದರು. ಮರುದಿನವೇ ಹೈಕೋರ್ಟ್ ವಿಡಿಯೊ ಕಲಾಪವನ್ನೂ ನೇರ ಪ್ರಸಾರವನ್ನೂ ತಾತ್ಕಾಲಿಕವಾಗಿ ನಿಲ್ಲಿಸಿತು. ತೊಂದರೆ ಬೆಂಗಳೂರಿನದು, ಸ್ಥಗಿತಗೊಂಡದ್ದು ಧಾರವಾಡ, ಕಲಬುರಗಿ ಪೀಠಗಳಲ್ಲೂ.

2024ರ ಜುಲೈ 1ರಂದು ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 530ನೇ ಕಲಂ ಸಮನ್ಸಿನಿಂದ ಮೇಲ್ಮನವಿವರೆಗೆ ಎಲ್ಲವನ್ನೂ ವಿದ್ಯುನ್ಮಾನ ಮಾರ್ಗದಲ್ಲಿ ನಡೆಸಲು ಅವಕಾಶ ಕೊಟ್ಟಿದೆ. ಗುರುತನ್ನು ಹೇಗೆ ಖಚಿತಪಡಿಸಿಕೊಳ್ಳಬೇಕೆಂದು ಆ ಕಲಂ ಹೇಳುವುದಿಲ್ಲ. ಅದನ್ನು ಹೇಳುವುದು ಈಗಲೂ ಹೈಕೋರ್ಟಿನ ನಿಯಮಗಳು.