ಸಣ್ಣ ಟ್ರ್ಯಾಕ್ಟರ್: ಹೊಸ ಮಾದರಿಯ ಖರೀದಿಗೆ ಮುನ್ನ ರೈತರು ಪರಿಶೀಲಿಸಬೇಕಾದ ಅಂಶಗಳು

1. ಪೀಠಿಕೆ

ಅಡಿಕೆ, ದ್ರಾಕ್ಷಿ, ದಾಳಿಂಬೆ ಮುಂತಾದ ತೋಟಗಳಲ್ಲಿ ಹಾಗೂ ಚಿಕ್ಕ ಹಿಡುವಳಿಗಳಲ್ಲಿ ದೊಡ್ಡ ಟ್ರ್ಯಾಕ್ಟರ್ ತಿರುಗಲು ಸ್ಥಳಾವಕಾಶವಿರುವುದಿಲ್ಲ. ಕೃಷಿ ಕಾರ್ಮಿಕರ ಕೊರತೆಯಿಂದಾಗಿ ಇಂತಹ ಜಮೀನುಗಳ ರೈತರು ಸಣ್ಣ ಟ್ರ್ಯಾಕ್ಟರ್‌ಗಳತ್ತ ಒಲವು ತೋರುತ್ತಿದ್ದಾರೆ. ಮಾರುಕಟ್ಟೆಗೆ ಹೊಸ ಹೊಸ ಮಾದರಿಗಳು ಬರುತ್ತಿದ್ದು, ಪ್ರತಿಯೊಂದರ ಪರಿಚಯ ಪತ್ರದಲ್ಲಿಯೂ ಅಶ್ವಶಕ್ತಿ, ಎತ್ತುವ ಸಾಮರ್ಥ್ಯ ಹಾಗೂ ಇಂಧನ ಉಳಿತಾಯದ ಅಂಕಿಗಳು ಎದ್ದು ಕಾಣುವಂತೆ ಮುದ್ರಿತವಾಗಿರುತ್ತವೆ.

ಟ್ರ್ಯಾಕ್ಟರ್ ಖರೀದಿಯು ಸಣ್ಣ ರೈತ ಕುಟುಂಬಕ್ಕೆ ಜಮೀನಿನ ನಂತರದ ಅತಿ ದೊಡ್ಡ ವೆಚ್ಚವಾಗಿರುತ್ತದೆ. ಬಹುತೇಕ ಸಂದರ್ಭಗಳಲ್ಲಿ ಈ ಖರೀದಿ ಸಾಲದಿಂದ ನಡೆಯುತ್ತದೆ. ಜಮೀನು ಅಡಮಾನವಾಗಿರುವುದೂ ಉಂಟು. ಆಯ್ಕೆ ತಪ್ಪಿದಲ್ಲಿ ಯಂತ್ರ ಕೊಟ್ಟಿಗೆಯಲ್ಲಿ ನಿಂತರೂ ಕಂತು ನಿಲ್ಲುವುದಿಲ್ಲ. ಆದುದರಿಂದ ಮುಂಗಡ ಹಣ ಪಾವತಿಸುವ ಮೊದಲೇ ಈ ಕೆಳಗಿನ ಅಂಶಗಳನ್ನು ಕ್ರಮವಾಗಿ ಪರಿಶೀಲಿಸುವುದು ಸೂಕ್ತ.

2. ಸ್ವಂತ ಟ್ರ್ಯಾಕ್ಟರ್ ಅಗತ್ಯವೇ?

ವರ್ಷಕ್ಕೆ ಎಷ್ಟು ಗಂಟೆ ಕೆಲಸವಿದೆ ಎಂಬುದನ್ನು ಮೊದಲು ಲೆಕ್ಕ ಹಾಕಬೇಕು. ಉಪಕರಣದ ಅಗಲವನ್ನು (ಮೀಟರ್) ಚಲನೆಯ ವೇಗದಿಂದ (ಗಂಟೆಗೆ ಕಿ.ಮೀ.) ಗುಣಿಸಿ 10ರಿಂದ ಭಾಗಿಸಿದರೆ ಗಂಟೆಗೆ ಆಗುವ ಕೆಲಸ ಹೆಕ್ಟೇರಿನಲ್ಲಿ ದೊರೆಯುತ್ತದೆ. ತಿರುವು, ನಿಲುಗಡೆ ಇತ್ಯಾದಿಗಳಿಂದ ಇದರ ಸುಮಾರು ಶೇ. 70ರಷ್ಟು ಮಾತ್ರ ವಾಸ್ತವವಾಗಿ ಕೈಗೂಡುತ್ತದೆ ಎಂದು ಇಟ್ಟುಕೊಳ್ಳಬಹುದು.

ಉದಾಹರಣೆಗೆ, 1 ಮೀಟರ್ ಅಗಲದ ರೋಟವೇಟರ್ ಗಂಟೆಗೆ 2.5 ಕಿ.ಮೀ. ವೇಗದಲ್ಲಿ ಸಾಗಿದರೆ ಗಂಟೆಗೆ 0.175 ಹೆಕ್ಟೇರ್ ಕೆಲಸವಾಗುತ್ತದೆ. ಅಂದರೆ ಒಂದು ಎಕರೆಗೆ ಸುಮಾರು 2 ಗಂಟೆ 20 ನಿಮಿಷ ಬೇಕು. 4 ಎಕರೆ ಜಮೀನಿನಲ್ಲಿ ವರ್ಷಕ್ಕೆ ನಾಲ್ಕು ಬಾರಿ ಉಳುಮೆ ಮಾಡಿದರೂ 40 ಗಂಟೆಗಳೊಳಗೆ ಮುಗಿಯುತ್ತದೆ. ಇದಕ್ಕೆ ಔಷಧ ಸಿಂಪಡಣೆ, ಕಳೆ ನಿರ್ವಹಣೆ ಹಾಗೂ ಗೊಬ್ಬರ, ಫಸಲಿನ ಸಾಗಣೆಯ ಗಂಟೆಗಳನ್ನು ಸೇರಿಸಿಕೊಳ್ಳಬೇಕು.

ನಂತರ ಸ್ಥಿರ ವೆಚ್ಚವನ್ನು ಲೆಕ್ಕ ಹಾಕಬೇಕು. ರೂ. 5,00,000 ಬೆಲೆಯ ಟ್ರ್ಯಾಕ್ಟರ್ 10 ವರ್ಷಗಳ ನಂತರ ಶೇ. 10ರಷ್ಟು ಬೆಲೆ ಉಳಿಸಿಕೊಳ್ಳುತ್ತದೆ ಎಂದು ಭಾವಿಸಿದರೆ ವಾರ್ಷಿಕ ಸವಕಳಿ ರೂ. 45,000 ಆಗುತ್ತದೆ. ಸರಾಸರಿ ಬಂಡವಾಳವಾದ ರೂ. 2,75,000ಕ್ಕೆ ಶೇ. 10ರಂತೆ ಬಡ್ಡಿ ರೂ. 27,500. ಒಟ್ಟು ರೂ. 72,500. ಈ ವೆಚ್ಚವು ವರ್ಷಕ್ಕೆ 500 ಗಂಟೆ ದುಡಿಸಿದರೆ ಗಂಟೆಗೆ ರೂ. 145 ಆಗುತ್ತದೆ, 150 ಗಂಟೆ ಮಾತ್ರ ದುಡಿಸಿದರೆ ರೂ. 483 ಆಗುತ್ತದೆ. ಡೀಸೆಲ್, ಚಾಲಕರ ಕೂಲಿ, ವಿಮೆ ಮತ್ತು ದುರಸ್ತಿ ಇದಕ್ಕೆ ಹೊರತು.

ಹೀಗೆ ಬಂದ ಮೊತ್ತವನ್ನು ಊರಿನಲ್ಲಿ ಚಾಲ್ತಿಯಲ್ಲಿರುವ ಬಾಡಿಗೆ ದರದೊಂದಿಗೆ ಹೋಲಿಸಬೇಕು. ರಾಜ್ಯದಲ್ಲಿ 2014-15ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಬಾಡಿಗೆ ಸೇವಾ ಕೇಂದ್ರಗಳ ದರವನ್ನೂ ವಿಚಾರಿಸಬಹುದು. ಬಾಡಿಗೆಯೇ ಅಗ್ಗವೆಂದು ಕಂಡುಬಂದಲ್ಲಿ ಖರೀದಿಯನ್ನು ಮುಂದೂಡುವುದು ಅಥವಾ ಅಕ್ಕಪಕ್ಕದ ರೈತರು ಗುಂಪಾಗಿ ಖರೀದಿಸುವುದು ಲಾಭದಾಯಕ.

3. ಜಮೀನಿನ ಅಳತೆ

ಟ್ರ್ಯಾಕ್ಟರ್ ನೋಡಲು ಹೋಗುವ ಮುನ್ನ ಸ್ವಂತ ಜಮೀನನ್ನು ಅಳೆದುಕೊಳ್ಳಬೇಕು. ಅಡಿಕೆಯನ್ನು 2.7 ಮೀಟರ್ ಅಂತರದಲ್ಲಿ ನಾಟಿ ಮಾಡಿದ್ದಲ್ಲಿ, ಬೇರುಗಳಿಗೆ ಪೆಟ್ಟಾಗದಂತೆ ಎರಡೂ ಬದಿಯಲ್ಲಿ 60 ಸೆಂ.ಮೀ. ಬಿಟ್ಟರೆ ಓಡಾಟಕ್ಕೆ 1.5 ಮೀಟರ್ ಉಳಿಯುತ್ತದೆ. ಟ್ರ್ಯಾಕ್ಟರಿನ ಅಗಲದ ಜೊತೆಗೆ ಅದರ ಹಿಂದೆ ಜೋಡಿಸುವ ಉಪಕರಣದ ಅಗಲವೂ ಈ ಮಿತಿಯೊಳಗೆ ಇರಬೇಕು. ಇವುಗಳೊಂದಿಗೆ,

ಅ) ಸಾಲಿನ ಕೊನೆಯಲ್ಲಿ ತಿರುಗಲು ಇರುವ ಜಾಗ,
ಆ) ಹನಿ ನೀರಾವರಿ ಕೊಳವೆ ಮತ್ತು ಕಾಲುವೆಗಳ ಸ್ಥಾನ,
ಇ) ದ್ರಾಕ್ಷಿ ಚಪ್ಪರದ ತಂತಿಯ ಎತ್ತರ,
ಈ) ಜಮೀನಿಗೆ ಹೋಗುವ ದಾರಿ, ಬದು ಮತ್ತು ಇಳಿಜಾರು

ಇವುಗಳನ್ನೂ ಗುರುತು ಮಾಡಿಕೊಳ್ಳಬೇಕು. ಒದ್ದೆ ನೆಲ ಹಾಗೂ ಇಳಿಜಾರಿನಲ್ಲಿ ನಾಲ್ಕು ಗಾಲಿ ಚಾಲನೆಯ ಮಾದರಿಗೆ ಹಿಡಿತ ಹೆಚ್ಚು. ಆದರೆ ಇದರ ಬೆಲೆ ಮತ್ತು ನಿರ್ವಹಣೆಯ ಭಾಗಗಳೂ ಹೆಚ್ಚಾಗಿರುತ್ತವೆ. ಸಮತಟ್ಟಾದ ಒಣಭೂಮಿಯಲ್ಲಿ ಎರಡು ಗಾಲಿ ಚಾಲನೆಯ ಮಾದರಿ ಸಾಕಾಗಬಹುದು.

4. ಅಶ್ವಶಕ್ತಿಯ ಅರ್ಥ

ಪರಿಚಯ ಪತ್ರದಲ್ಲಿ ನಮೂದಿಸುವ ಅಶ್ವಶಕ್ತಿಯು ಸಾಮಾನ್ಯವಾಗಿ ಎಂಜಿನ್ನಿನದಾಗಿರುತ್ತದೆ. ರೋಟವೇಟರ್, ಸಿಂಪಡಣಾ ಯಂತ್ರ ಮೊದಲಾದವುಗಳನ್ನು ತಿರುಗಿಸುವುದು ಹಿಂಭಾಗದ ಪಿ.ಟಿ.ಓ. ದಂಡ. ಗೇರುಗಳ ಮೂಲಕ ಹಾದುಬರುವಾಗ ಶಕ್ತಿಯ ಒಂದು ಭಾಗ ನಷ್ಟವಾಗುವುದರಿಂದ, 24 ಅಶ್ವಶಕ್ತಿಯ ಎಂಜಿನ್ನಿನಿಂದ ಪಿ.ಟಿ.ಓ. ದಂಡದಲ್ಲಿ ದೊರೆಯುವುದು ಸುಮಾರು 20 ಅಶ್ವಶಕ್ತಿ ಮಾತ್ರ. ಉಪಕರಣದ ತಯಾರಕರು ಸೂಚಿಸಿದ ಶಕ್ತಿಯನ್ನು ಈ ಪಿ.ಟಿ.ಓ. ಶಕ್ತಿಯೊಂದಿಗೆ ಹೋಲಿಸಬೇಕು. ಅಲ್ಲದೆ 540 ಸುತ್ತಿನ ಪಿ.ಟಿ.ಓ. ವೇಗ ಎಂಜಿನ್ನಿನ ಎಷ್ಟು ಸುತ್ತಿಗೆ ದೊರೆಯುತ್ತದೆ ಎಂಬುದನ್ನೂ ಕೇಳಿ ತಿಳಿಯಬೇಕು. ಎಂಜಿನ್ ಕಡಿಮೆ ಸುತ್ತಿನಲ್ಲಿದ್ದಾಗಲೇ ಈ ವೇಗ ದೊರೆಯುವ ವ್ಯವಸ್ಥೆಯಿದ್ದಲ್ಲಿ ಹಗುರ ಕೆಲಸಗಳಲ್ಲಿ ಡೀಸೆಲ್ ಉಳಿಯುತ್ತದೆ.

5. ಪರೀಕ್ಷಾ ವರದಿಯ ಅಧ್ಯಯನ

ಹೊಸ ಮಾದರಿಯ ಬಗ್ಗೆ ಬಳಕೆದಾರರ ಅನುಭವ ಕಡಿಮೆ ಇರುವುದರಿಂದ ಅಧಿಕೃತ ಪರೀಕ್ಷಾ ವರದಿಯೇ ಪ್ರಮುಖ ಆಧಾರ. ಮಧ್ಯಪ್ರದೇಶದ ಬುದನಿಯಲ್ಲಿರುವ ಕೇಂದ್ರೀಯ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯು ಟ್ರ್ಯಾಕ್ಟರ್‌ಗಳನ್ನು ಭಾರತೀಯ ಮಾನಕ ಐ.ಎಸ್. 5994ರಲ್ಲಿನ ವಿಧಾನದಂತೆ ಪರೀಕ್ಷಿಸುತ್ತದೆ. ವಾಣಿಜ್ಯ ಪರೀಕ್ಷೆಯ ವರದಿಗಳು ಸಾರ್ವಜನಿಕರಿಗೆ ಲಭ್ಯ. ತಯಾರಕರ ಸ್ವಂತ ಉಪಯೋಗಕ್ಕಾಗಿ ನಡೆಯುವ ಗೌಪ್ಯ ಪರೀಕ್ಷೆಯ ವರದಿಗಳು ಲಭ್ಯವಿರುವುದಿಲ್ಲ. ವಾಣಿಜ್ಯ ಪರೀಕ್ಷೆಯ ವರದಿಯ ಪ್ರತಿಯನ್ನು ಮಾರಾಟಗಾರರಿಂದ ಕೇಳಿ ಪಡೆಯಬಹುದು.

ವರದಿಯಲ್ಲಿ ಗಮನಿಸಬೇಕಾದ ಅಂಶಗಳು:

1) ಮಾದರಿಯ ಹೆಸರು: ಒಂದೇ ಹೆಸರಿನಲ್ಲಿ ಎರಡು ಗಾಲಿ, ನಾಲ್ಕು ಗಾಲಿ ಚಾಲನೆಯ ಹಾಗೂ ಬೇರೆ ಟೈರುಗಳ ಉಪಮಾದರಿಗಳಿರುತ್ತವೆ. ಪರೀಕ್ಷೆಗೊಳಪಟ್ಟ ಉಪಮಾದರಿಯೂ ಖರೀದಿಸಲಿರುವ ಉಪಮಾದರಿಯೂ ಒಂದೇ ಆಗಿರಬೇಕು.

2) ಪಿ.ಟಿ.ಓ. ಶಕ್ತಿ: ಸಾಮಾನ್ಯ ಉಷ್ಣಾಂಶದಲ್ಲಿ ಹಾಗೂ ಅಧಿಕ ಉಷ್ಣಾಂಶದಲ್ಲಿ ದೊರೆತ ಶಕ್ತಿಯನ್ನು ಪ್ರತ್ಯೇಕವಾಗಿ ನೀಡಲಾಗಿರುತ್ತದೆ. ಕಲಬುರಗಿ, ರಾಯಚೂರು ಮುಂತಾದ ಜಿಲ್ಲೆಗಳ ರೈತರು ಎರಡನೆಯ ಅಂಕಿಯನ್ನು ವಿಶೇಷವಾಗಿ ಗಮನಿಸಬೇಕು.

3) ಇಂಧನ ಬಳಕೆ: ಇದನ್ನು ಪ್ರತಿ ಕಿಲೋವ್ಯಾಟ್-ಗಂಟೆಗೆ ಇಷ್ಟು ಗ್ರಾಂ ಎಂದು ನಮೂದಿಸಲಾಗುತ್ತದೆ. ಪಿ.ಟಿ.ಓ.ದಲ್ಲಿ 15 ಕಿಲೋವ್ಯಾಟ್ ಶಕ್ತಿ ನೀಡುವ ಎರಡು ಟ್ರ್ಯಾಕ್ಟರ್‌ಗಳ ಪೈಕಿ ಒಂದು 260 ಗ್ರಾಂ, ಇನ್ನೊಂದು 300 ಗ್ರಾಂ ಬಳಸಿದಲ್ಲಿ, ಪೂರ್ಣ ಭಾರದಲ್ಲಿ ಗಂಟೆಗೆ ಸುಮಾರು 0.7 ಲೀಟರ್ ವ್ಯತ್ಯಾಸವಾಗುತ್ತದೆ. 500 ಗಂಟೆಗಳಿಗೆ ಇದು ಸುಮಾರು 350 ಲೀಟರ್ ಡೀಸೆಲ್.

4) ಎತ್ತುವ ಸಾಮರ್ಥ್ಯ: ಕೆಳಜೋಡಣೆಯ ತುದಿಯಲ್ಲಿ ಅಳೆದ ಭಾರ ಮತ್ತು ಅದರಿಂದ 610 ಮಿ.ಮೀ. ಹಿಂದೆ ಅಳೆದ ಭಾರ ಬೇರೆ ಬೇರೆ. ಉಪಕರಣದ ಭಾರ ಹಿಂದಕ್ಕೆ ಚಾಚಿರುವುದರಿಂದ ಎರಡನೆಯ ಅಂಕಿಯೇ ಹೆಚ್ಚು ಉಪಯುಕ್ತ.

5) ನೀರು ನಿರೋಧಕ ಪರೀಕ್ಷೆ: ಕೆಸರುಗದ್ದೆಯಲ್ಲಿ ಬಳಸುವವರು ಬ್ರೇಕ್, ಕ್ಲಚ್ ಇತ್ಯಾದಿ ಭಾಗಗಳೊಳಗೆ ನೀರು ಅಥವಾ ಕೆಸರು ಪ್ರವೇಶಿಸಿತೇ ಎಂಬುದನ್ನು ನೋಡಬೇಕು.

6) ಬಿಡಿಭಾಗಗಳ ಸವೆತ ಮತ್ತು ಅಭಿಪ್ರಾಯ: ಪರೀಕ್ಷೆಯ ನಂತರ ಎಂಜಿನ್ ಬಿಚ್ಚಿ ದಾಖಲಿಸಿದ ಸವೆತ, ಪರೀಕ್ಷಾ ಕಾಲದಲ್ಲಿ ಆದ ದುರಸ್ತಿಗಳು ಹಾಗೂ ಸಂಸ್ಥೆಯು ಸೂಚಿಸಿದ ಸುಧಾರಣೆಗಳು ವರದಿಯ ಕೊನೆಯ ಪುಟಗಳಲ್ಲಿರುತ್ತವೆ. ಈ ಪುಟಗಳನ್ನು ತಪ್ಪದೇ ಓದಬೇಕು.

ವರದಿಯನ್ನು ಅರ್ಥೈಸಿಕೊಳ್ಳಲು ಕೃಷಿ ವಿಶ್ವವಿದ್ಯಾನಿಲಯಗಳ ಅಥವಾ ಕೃಷಿ ವಿಜ್ಞಾನ ಕೇಂದ್ರಗಳ ತಜ್ಞರ ನೆರವು ಪಡೆಯಬಹುದು. ರಾಜ್ಯದ ಗಡಿಗೆ ಹತ್ತಿರವಿರುವ ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ದಕ್ಷಿಣ ವಲಯದ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯಿದ್ದು, ಯಂತ್ರೋಪಕರಣಗಳ ಬಳಕೆ ಕುರಿತು ತರಬೇತಿ ನೀಡುತ್ತದೆ.

6. ಉಪಕರಣಗಳ ಹೊಂದಾಣಿಕೆ

ಈಗಾಗಲೇ ಉಪಕರಣಗಳನ್ನು ಹೊಂದಿರುವ ರೈತರು ಅವು ಹೊಸ ಟ್ರ್ಯಾಕ್ಟರಿಗೆ ಜೋಡಣೆಯಾಗುತ್ತವೆಯೇ ಎಂದು ನೋಡಬೇಕು. ಒಂದನೇ ವರ್ಗದ ಮೂರು ಬಿಂದು ಜೋಡಣೆಯಲ್ಲಿ ಕೆಳಗಿನ ಪಿನ್ನುಗಳ ವ್ಯಾಸ 22 ಮಿ.ಮೀ., ಮೇಲಿನದು 19 ಮಿ.ಮೀ. ದೊಡ್ಡ ಟ್ರ್ಯಾಕ್ಟರ್‌ಗಳ ಎರಡನೇ ವರ್ಗದ ಉಪಕರಣಗಳು ಇದಕ್ಕೆ ನೇರವಾಗಿ ಹೊಂದುವುದಿಲ್ಲ. ಉಪಕರಣಗಳನ್ನು ಹೊಸದಾಗಿ ಕೊಳ್ಳಬೇಕಾದಲ್ಲಿ ಆ ವೆಚ್ಚವನ್ನೂ ಟ್ರ್ಯಾಕ್ಟರಿನ ಬೆಲೆಗೆ ಸೇರಿಸಿಕೊಳ್ಳಬೇಕು.

7. ಸುರಕ್ಷತೆ

ಸಣ್ಣ ಟ್ರ್ಯಾಕ್ಟರ್‌ಗಳ ಗಾಲಿಗಳ ನಡುವಿನ ಅಂತರ ಕಡಿಮೆಯಿರುವುದರಿಂದ ಬದು ಮತ್ತು ಇಳಿಜಾರುಗಳಲ್ಲಿ ಮಗುಚುವ ಅಪಾಯವಿದೆ. ಮಗುಚಿದಾಗ ಚಾಲಕರನ್ನು ರಕ್ಷಿಸುವ ಚೌಕಟ್ಟು ಮತ್ತು ಸೀಟ್ ಬೆಲ್ಟ್ ಇರುವ ಮಾದರಿಗೆ ಆದ್ಯತೆ ನೀಡಬೇಕು. ತೋಟದ ಕೆಲಸಕ್ಕೆ ಮಡಚುವ ಚೌಕಟ್ಟು ಅನುಕೂಲಕರ. ಚೌಕಟ್ಟು ಎತ್ತಿ ನಿಲ್ಲಿಸಿರುವಾಗ ಬೆಲ್ಟ್ ಧರಿಸತಕ್ಕದ್ದು, ಮಡಚಿರುವಾಗ ಧರಿಸಬಾರದು. ಪಿ.ಟಿ.ಓ. ದಂಡಕ್ಕೆ ರಕ್ಷಣಾ ಕವಚ ಇರಲೇಬೇಕು. ತಿರುಗುವ ದಂಡಕ್ಕೆ ಸೀರೆ, ಪಂಚೆ ಅಥವಾ ಟವೆಲ್ ಸಿಲುಕಿದರೆ ಪ್ರಾಣಾಪಾಯ ಸಂಭವಿಸುತ್ತದೆ.

8. ಪ್ರಾತ್ಯಕ್ಷಿಕೆ ಮತ್ತು ಮಾರಾಟೋತ್ತರ ಸೇವೆ

ಮಾರಾಟ ಮಳಿಗೆಯ ಅಂಗಳದಲ್ಲಿ ಓಡಿಸಿ ನೋಡಿದರೆ ಸಾಲದು. ಸ್ವಂತ ಜಮೀನಿನಲ್ಲಿ, ಬಳಸಲಿರುವ ಉಪಕರಣವನ್ನೇ ಜೋಡಿಸಿ, ಕನಿಷ್ಠ ಒಂದೆರಡು ಗಂಟೆ ಪ್ರಾತ್ಯಕ್ಷಿಕೆ ನೀಡುವಂತೆ ಕೋರಬೇಕು. ಟ್ಯಾಂಕನ್ನು ಆರಂಭದಲ್ಲಿ ಭರ್ತಿ ಮಾಡಿ, ಕೊನೆಯಲ್ಲಿ ಪುನಃ ಭರ್ತಿಗೆ ಬೇಕಾದ ಡೀಸೆಲನ್ನು ಅಳೆದರೆ ನೈಜ ಬಳಕೆ ತಿಳಿಯುತ್ತದೆ. ನಿತ್ಯ ಚಾಲನೆ ಮಾಡುವವರೇ ಅಂದು ಕುಳಿತು ನೋಡುವುದು ಒಳ್ಳೆಯದು.

ಅದೇ ಮಾದರಿಯನ್ನು ಕನಿಷ್ಠ ಒಂದು ಹಂಗಾಮು ಬಳಸಿದ ರೈತರನ್ನು ಭೇಟಿ ಮಾಡಿ ವಿಚಾರಿಸಬೇಕು. ಫಿಲ್ಟರ್, ಬೆಲ್ಟ್, ಕ್ಲಚ್ ಪ್ಲೇಟ್ ಮುಂತಾದ ಬಿಡಿಭಾಗಗಳು ತಾಲ್ಲೂಕು ಕೇಂದ್ರದಲ್ಲಿ ದೊರೆಯುತ್ತವೆಯೇ, ತರಬೇತಿ ಪಡೆದ ಮೆಕ್ಯಾನಿಕ್ ಇದ್ದಾರೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಬಿತ್ತನೆ ಕಾಲದಲ್ಲಿ ಒಂದು ವಾರ ಯಂತ್ರ ನಿಂತರೆ ಹದ ತಪ್ಪಿಹೋಗುತ್ತದೆ.

9. ದರ, ಸಾಲ ಮತ್ತು ಸಹಾಯಧನ

ಕನಿಷ್ಠ ಮೂರು ಮಾದರಿಗಳಿಗೆ ಲಿಖಿತ ದರಪಟ್ಟಿ ಪಡೆಯಬೇಕು. ಟ್ರ್ಯಾಕ್ಟರ್‌ಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿಸಲಾಗಿದ್ದು, ದರಪಟ್ಟಿಯಲ್ಲಿ ಇದು ಪ್ರತಿಫಲಿಸಿರಬೇಕು. ನೋಂದಣಿ, ವಿಮೆ ಮತ್ತು ಹೆಚ್ಚುವರಿ ಬಿಡಿಭಾಗಗಳ ಮೊತ್ತವನ್ನು ಪ್ರತ್ಯೇಕವಾಗಿ ನಮೂದಿಸುವಂತೆ ಕೇಳಬೇಕು.

ಸಾಲದ ಕಂತುಗಳು ಫಸಲಿನ ಹಣ ಕೈಸೇರುವ ಸಮಯಕ್ಕೆ ಹೊಂದಿಕೆಯಾಗಿ ಅರ್ಧವಾರ್ಷಿಕ ಅಥವಾ ವಾರ್ಷಿಕವಾಗಿರುವುದು ಸೂಕ್ತ. ಅಡಮಾನದ ಷರತ್ತುಗಳನ್ನು ಸಹಿ ಹಾಕುವ ಮುನ್ನ ಓದಿಸಿ ತಿಳಿಯಬೇಕು. ಒಂದು ವರ್ಷ ಮಳೆ ಕೈಕೊಟ್ಟರೆ ಕಂತನ್ನು ಯಾವ ಆದಾಯದಿಂದ ಕಟ್ಟಲಾಗುವುದು ಎಂಬುದನ್ನು ಕುಟುಂಬದವರೆಲ್ಲರೂ ಮೊದಲೇ ಕೂಡಿ ಚರ್ಚಿಸುವುದು ಒಳಿತು.

2014-15ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಕೃಷಿ ಯಾಂತ್ರೀಕರಣ ಉಪ ಅಭಿಯಾನದ ಮಾರ್ಗಸೂಚಿಗಳು ಟ್ರ್ಯಾಕ್ಟರ್‌ಗಳನ್ನು ಪಿ.ಟಿ.ಓ. ಅಶ್ವಶಕ್ತಿಯ ಆಧಾರದ ಮೇಲೆ ವರ್ಗೀಕರಿಸಿದ್ದು, 8ರಿಂದ 20 ಅಶ್ವಶಕ್ತಿಯವು ಒಂದು ವರ್ಗಕ್ಕೆ ಸೇರುತ್ತವೆ. ಸಹಾಯಧನದ ಪ್ರಮಾಣ ಮತ್ತು ಅರ್ಹ ಮಾದರಿಗಳ ಪಟ್ಟಿ ಆಯಾ ವರ್ಷದ ಆದೇಶಗಳಿಗೆ ಒಳಪಟ್ಟಿರುತ್ತದೆ. ಅನುಮೋದನೆಗೆ ಮುನ್ನ ಖರೀದಿಸಿದಲ್ಲಿ ಸಹಾಯಧನ ಕೈತಪ್ಪುವ ಸಂಭವವಿರುವುದರಿಂದ ಮೊದಲು ಅರ್ಜಿ ಸಲ್ಲಿಸಬೇಕು. ಸಹಾಯಧನ ಇದೆಯೆಂಬ ಒಂದೇ ಕಾರಣಕ್ಕೆ ಜಮೀನಿಗೆ ಹೊಂದದ ಮಾದರಿಯನ್ನು ಆರಿಸುವುದು ಸರಿಯಲ್ಲ.

10. ಟ್ರ್ಯಾಕ್ಟರ್ ಪಡೆಯುವಾಗ

ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳನ್ನು ಬಿಲ್ಲಿನೊಂದಿಗೆ ತಾಳೆ ನೋಡಬೇಕು. ಬಿಲ್ಲು, ಖಾತರಿ ಪತ್ರ, ಬಳಕೆದಾರರ ಕೈಪಿಡಿ, ಉಚಿತ ಸೇವೆಯ ಚೀಟಿಗಳು ಹಾಗೂ ಉಪಕರಣ ಪೆಟ್ಟಿಗೆಯನ್ನು ಪಡೆಯಬೇಕು. ಖಾತರಿಯು ವರ್ಷ ಅಥವಾ ಗಂಟೆ ಯಾವುದು ಮೊದಲೋ ಅದಕ್ಕೆ ಮುಗಿಯುತ್ತದೆಯೇ ಎಂಬುದನ್ನು ಓದಿ ತಿಳಿಯಬೇಕು. ಪ್ರಾದೇಶಿಕ ಸಾರಿಗೆ ಕಛೇರಿಯಲ್ಲಿ ನೋಂದಣಿ ಮತ್ತು ಮೂರನೇ ವ್ಯಕ್ತಿ ವಿಮೆ ಕಡ್ಡಾಯ.

ಹೆಚ್ಚಿನ ಮಾಹಿತಿಗಾಗಿ ರೈತರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು. ಭೇಟಿಯ ವೇಳೆ ಪಹಣಿ, ಆಧಾರ್ ಪ್ರತಿ, ಫ್ರೂಟ್ಸ್ ನೋಂದಣಿ ಸಂಖ್ಯೆ ಹಾಗೂ ಜಮೀನಿನ ಅಳತೆಗಳನ್ನು ಬರೆದುಕೊಂಡ ಹಾಳೆಯನ್ನು ಜೊತೆಗೆ ತರುವುದು ಅನುಕೂಲ.